ಸಾಕು ಎನ್ನುವ ಅಂಕಿ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಮೂರು ವರ್ಷಗಳಿಂದ ಅವಳು ಹಲ್ಲಿನ ಸೆಟ್ಟು ಕಟ್ಟುತ್ತಿದ್ದಳು. ದಂತವೈದ್ಯರು ಕಳುಹಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಅದು ಗಟ್ಟಿಯಾದ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ಕೊನೆಗೆ ಯಂತ್ರಕ್ಕೆ ಹಿಡಿದು ಅರೆದು ಹೊಳಪು ಕೊಡುವುದು. "ಈ ಊರಿನ ಅರ್ಧ ಮುದುಕರು ನಗೋದು ನನ್ನ ಕೃಪೆಯಿಂದ" ಎಂದು ಆಗಾಗ ತಮಾಷೆ ಮಾಡುತ್ತಿದ್ದಳು. ಕೆಲಸದಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಆದರೆ ಲ್ಯಾಬು ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯೇ ಇಲ್ಲ. ಅರೆದ ಪುಡಿ ಹುಬ್ಬಿನ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ, ಗಂಟಲೊಳಗೆ. ಹೊರಗೆ ಮಳೆ ಬಂದುಹೋಗಿತ್ತೆಂದು ಸಂಜೆ ಮೆಟ್ಟಿಲು ಹತ್ತಿ ಬಂದ ಮೇಲೆ ಒದ್ದೆ ರಸ್ತೆ ನೋಡಿಯೇ ತಿಳಿಯಬೇಕು.

ಹನ್ನೆರಡು ವರ್ಷಗಳ ಹಿಂದೆ ಅವಳ ಗಂಡ ಸಾಲ ಮಾಡಿ ಎರಡು ಕಾರು ಕೊಂಡು ಸ್ವಂತ ಡ್ರೈವಿಂಗ್ ಸ್ಕೂಲು ತೆರೆದಿದ್ದ. ವರ್ಷ ತುಂಬುವುದರೊಳಗೆ ಸ್ಕೂಲು ಮುಚ್ಚಿತು. ಸಾಲ ಕೊಟ್ಟವರು ಎರಡೂ ಕಾರು ಎಳೆದುಕೊಂಡು ಹೋದರು. ಆದರೂ ಸಾಲ ತೀರಲಿಲ್ಲ. ಮೂರು ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ನಾಲ್ಕನೆಯ ದಿನ ಅವಳೇ ಅವನನ್ನು ಎಬ್ಬಿಸಿ ಕೂರಿಸಿ, ಮಗಳ ಹಳೆಯ ನೋಟುಬುಕ್ಕು ತೆರೆದಳು.

"ಮೊದಲು ಸಣ್ಣ ಸಾಲ ತೀರಿಸೋಣ, ಆಮೇಲೆ ದೊಡ್ಡದು. ಅದಾದ ಮೇಲೆ ಕೂಡಿಡೋಣ. ಐವತ್ತು ತುಂಬಿದ ದಿನ ನಾನು ಆ ನೆಲಮಾಳಿಗೆಯಿಂದ ಮೇಲೆ ಬಂದುಬಿಡ್ತೀನಿ. ಬರೋ ಬಡ್ಡಿಯಲ್ಲಿ ಸರಳವಾಗಿ ಬದುಕಿದ್ರಾಯ್ತು."

ಎಷ್ಟಿದ್ದರೆ ಸಾಕು ಎಂದು ಇಬ್ಬರೂ ಕೂತು ಲೆಕ್ಕ ಹಾಕಿದರು. ಬಂದ ಅಂಕಿಯನ್ನು ಅವನು ಬೀರುವಿನ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದ.

ಅಲ್ಲಿಂದಾಚೆಗೆ ಆ ಮನೆ ಹೊಟ್ಟೆಬಟ್ಟೆ ಕಟ್ಟಿತು. ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಟೀವಿ ಮಾರಿದರು. ಕೂದಲು ಕತ್ತರಿಸಿಕೊಳ್ಳುವುದೂ ಮನೆಯಲ್ಲೇ. ಉಡುಗೊರೆ ಕೊಡಬೇಕಾಗುತ್ತದೆಂದು ಮದುವೆಗಳಿಗೆ ಹೋಗುವುದು ನಿಂತಿತು. ಮೊದಮೊದಲು ನೆಂಟರು ಬೇಜಾರು ಮಾಡಿಕೊಂಡರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಅವಳ ಅಕ್ಕ ಮಾತ್ರ ಒಮ್ಮೆ ಫೋನಿನಲ್ಲಿ ಅಂದಿದ್ದಳು: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಿಜ. ನೀವು ಹಾಸಿಗೆ ಸುತ್ತಿಟ್ಟು ನಿಂತ್ಕೊಂಡೇ ನಿದ್ದೆ ಮಾಡ್ತೀರಲ್ಲೇ!"

ಐದು ವರ್ಷಕ್ಕೆ ಸಾಲ ತೀರಿತು. ಆ ದಿನ ಗಂಡ ಹೆಂಡತಿ ಕೈಹಿಡಿದು ನಕ್ಕಿದ್ದರು. ಅವನು ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದ್ದ. ಮಿತವ್ಯಯದ ಪಾಠ ಹೇಳಿಕೊಟ್ಟವಳು ಅವಳೇ. ಆದರೆ ಬರಬರುತ್ತ ಅವನು ಗುರುವಿಗೇ ತಿರುಮಂತ್ರ ಹಾಕುವಷ್ಟು ಪಳಗಿದ. ಪಾಸ್‌ಬುಕ್ಕು ಅವನ ಹತ್ತಿರವೇ ಉಳಿಯಿತು. "ಎಷ್ಟಾಯ್ತು?" ಎಂದು ಅವಳು ಕೇಳಿದರೆ, "ಆಗ್ತಾ ಇದೆ, ಆಗ್ತಾ ಇದೆ" ಎನ್ನುತ್ತಿದ್ದ. ಅವಳು ಉಳಿದ ವರ್ಷಗಳನ್ನು ಎಣಿಸುತ್ತ ಕೆಮ್ಮು ನುಂಗಿಕೊಳ್ಳುತ್ತಿದ್ದಳು. ನಲವತ್ತೇಳಾಗಿತ್ತು. ಇನ್ನು ಮೂರೇ ವರ್ಷ.

ಅಷ್ಟರಲ್ಲಿ ಒಂದು ಭಾನುವಾರ ಮಗಳು ಏನೋ ನೆನಪಾಗಿ ಬಾಯಿ ತುಂಬ ನಕ್ಕಳು. ಹತ್ತೊಂಬತ್ತು ವರ್ಷದ ಹುಡುಗಿ, ಕಾಲೇಜಿಗೆ ಹೋಗುತ್ತಿದ್ದಳು. ಬಟ್ಟೆ ಮಡಚುತ್ತಿದ್ದ ತಾಯಿಯ ಕೈ ನಿಂತಿತು. ಬಾಯಿ ನೋಡುವುದೇ ಅವಳ ಕಸುಬಲ್ಲವೇ!

"ಎಲ್ಲಿ, ಇನ್ನೊಂದ್ಸಲ ಬಾಯಿ ತೆಗಿ."

ಮಗಳು ತುಟಿ ಬಿಗಿಹಿಡಿದಳು. ಆಮೇಲೆ ಮೆಲ್ಲಗೆ ತೆರೆದಳು. ಕೆಳಗೆ ಎಡಗಡೆ ಒಂದು ದವಡೆ ಹಲ್ಲು ಇರಲಿಲ್ಲ.

"ಯಾವಾಗ?"

"ಎರಡು ತಿಂಗಳಾಯ್ತಮ್ಮ. ತುಂಬ ನೋಯ್ತಿತ್ತು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ್ರೆ ಉಳಿಯುತ್ತೆ ಅಂದ್ರು. ಅದಕ್ಕೆ ಖರ್ಚು ಜಾಸ್ತಿ. ಧರ್ಮಾಸ್ಪತ್ರೆಯಲ್ಲಿ ಕೀಳೋದು ಪುಕ್ಕಟೆ."

"ನನ್ನ ಹತ್ರ ಹೇಳೋಕಾಗಲಿಲ್ವಾ? ನಾನು ಯಾರು? ಏನು ಕೆಲಸ ಮಾಡ್ತೀನಿ?"

"ಹೇಳಿದ್ರೆ ನಿನ್ನ ಐವತ್ತು ಐವತ್ತೊಂದು ಆಗ್ತಿತ್ತಮ್ಮ."

ಹುಡುಗಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಏಳನೆಯ ವಯಸ್ಸಿನಿಂದ ಆ ಲೆಕ್ಕದೊಳಗೇ ಬೆಳೆದವಳು. ಕೇಳುವ ಮೊದಲೇ ಬೇಡ ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಹಲ್ಲು ಮಾಡುವುದು ಹಲ್ಲಕ್ಕನಿಗೆ ದೊಡ್ಡದಲ್ಲ. ಆದರೆ ಆಸರೆಗೆ ಅಕ್ಕಪಕ್ಕದ ಹಲ್ಲು ಅರೆದು ಹದಮಾಡಿ ಕೂರಿಸಬೇಕಾದದ್ದು ಡಾಕ್ಟರು. ಅವರಿಗೆ ಕೊಡಲು ಹಣ ಬೇಕು. ಗಂಡನಿಗೆ ಹೇಳದೆ ಮಂಗಳವಾರ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಖಾತೆ ಇಬ್ಬರ ಹೆಸರಿನಲ್ಲೂ ಇತ್ತು. ಕೌಂಟರಿನವಳು ಠೇವಣಿಗಳ ವಿವರ ಅಚ್ಚುಹಾಕಿ ಕೊಟ್ಟಳು. ಒಟ್ಟು ಮೊತ್ತ ನೋಡಿ ಹಲ್ಲಕ್ಕ, ಬೇರೆ ಯಾರದ್ದೋ ಕೊಟ್ಟಿರಬೇಕು ಎಂದುಕೊಂಡಳು. ಮೂರು ಸಲ ಓದಿದಳು. ಠೇವಣಿಗಳ ತಾರೀಖು ನೋಡಿದರೆ, ಬೀರುವಿನ ಅಂಕಿ ದಾಟಿ ಹದಿನಾಲ್ಕು ತಿಂಗಳಾಗಿತ್ತು.

ಹದಿನಾಲ್ಕು ತಿಂಗಳು! ಅಂದರೆ ಮಗಳು ಹಲ್ಲು ಕೀಳಿಸುವ ಒಂದು ವರ್ಷ ಮೊದಲೇ ಸಾಕಾಗುವಷ್ಟು ಸೇರಿತ್ತು. ಅಷ್ಟು ದಿನವೂ ಅವಳು ಆ ಪುಡಿಯೊಳಗೆ ಕೂತಿದ್ದಳು, ಬಾಗಿಲು ತೆರೆದಿದೆ ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಗಂಡ ಊಟಕ್ಕೆ ಕೂತಾಗ ಅವಳು ಆ ಕಾಗದವನ್ನು ತಟ್ಟೆಯ ಪಕ್ಕ ಇಟ್ಟಳು.

"ಇದೇನ್ರೀ?"

ಅವನು ನೋಡಿದ. ತುತ್ತು ಕೈಯಲ್ಲೇ ಉಳಿಯಿತು. "ಬ್ಯಾಂಕಿಗೆ ಹೋಗಿದ್ಯಾ?"

"ಯಾಕೆ ಹೇಳಲಿಲ್ಲ?"

"ಆ ಅಂಕಿ ಹಳೇದು ಕಣೇ. ಬೆಲೆ ಎಲ್ಲಿಂದೆಲ್ಲಿಗೆ ಹೋಗಿದೆ ನೋಡು. ನಾಳೆ ಯಾರಾದ್ರೂ ಆಸ್ಪತ್ರೆ ಸೇರಿದ್ರೆ? ಅದಕ್ಕೇ ಇನ್ನೊಂದು ಕಾಲುಭಾಗ ಸೇರಿಸಿಕೊಂಡೆ."

"ಅದೂ ತುಂಬಿದ್ರೆ?"

ಅವನು ತುತ್ತನ್ನು ತಟ್ಟೆಗೆ ಇಳಿಸಿದ.

"ಮತ್ತೆ ಕಾಲುಭಾಗ. ಅಲ್ವಾ? ನಾನು ಎಣಿಸ್ತಾ ಹೋಗೋದು, ನೀವು ಬೆಳೆಸ್ತಾ ಹೋಗೋದು!"

"ನಿನಗೆ ಗೊತ್ತಿಲ್ಲ" ಎಂದ ಅವನು, ತಗ್ಗಿದ ದನಿಯಲ್ಲಿ. "ಅವತ್ತು ಕಾರು ತಗೊಂಡು ಹೋಗೋಕೆ ಬಂದಾಗ ಕಲಿಯೋಕೆ ಬಂದಿದ್ದ ಒಬ್ಬ ಹೆಂಗಸು ಸೀಟಿನಲ್ಲಿ ಕೂತಿದ್ರು. ಅವರನ್ನ ನಡುರಸ್ತೆಯಲ್ಲಿ ಇಳಿಸಿ ತಗೊಂಡು ಹೋದ್ರು. ಆಯಮ್ಮ ನನ್ನನ್ನೇ ನೋಡ್ತಾ ನಿಂತಿದ್ರು. ಈಗಲೂ ದಿನಕ್ಕೊಂದ್ಸಲ ಪಾಸ್‌ಬುಕ್ಕು ನೋಡದಿದ್ರೆ ನನಗೆ ಗಂಟಲಲ್ಲಿ ಅನ್ನ ಇಳಿಯಲ್ಲ. ಏನು ಮಾಡಲಿ ಹೇಳು."

ಅವಳು ಆಗ ಮಗಳ ಹಲ್ಲಿನ ವಿಷಯ ಹೇಳಿದಳು. ಅವನಿಗೆ ಅದು ಗೊತ್ತಿರಲಿಲ್ಲ. ಬೆಚ್ಚಿಬಿದ್ದು ಅವನ ಬಾಯಿಂದ ಬಂದ ಮೊದಲ ಮಾತು, "ಉಳಿಸಿಕೊಂಡಿದ್ರೆ ಎಷ್ಟಾಗ್ತಿತ್ತಂತೆ?"

ಕೇಳಿದ್ದು ತಾನೇ ಎಂದು ನಂಬಲಾಗದವನಂತೆ ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಎಂಜಲು ಕೈಯಲ್ಲೇ ತಲೆ ತಗ್ಗಿಸಿ ಕೂತ. ಅವಳು ಆ ಕಾಗದವನ್ನು ಮಡಚಿ ಎತ್ತಿಟ್ಟಳು.

ಮರುದಿನ ಎರಡೇ ಸಾಲಿನ ರಾಜೀನಾಮೆ ಬರೆದುಕೊಂಡು ಲ್ಯಾಬಿನ ಮಾಲೀಕರ ಕೋಣೆಗೆ ಹೋದಳು. ಅವರು ಅಚ್ಚುಗಳ ಪೆಟ್ಟಿಗೆ ಬಿಚ್ಚುತ್ತಿದ್ದರು.

"ಏನು ಹಲ್ಲಕ್ಕ?"

ಅವಳು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು: "ಈ ಭಾನುವಾರ ಹೆಚ್ಚಿನ ಕೆಲಸ ಏನಾದ್ರೂ ಇದೆಯಾ ಸರ್?"

"ಇಲ್ಲದೆ ಏನು? ಬನ್ನಿ, ಬನ್ನಿ" ಎಂದರು ಅವರು ಖುಷಿಯಿಂದ.

ಅವಳು ಮೇಜಿಗೆ ಹಿಂತಿರುಗಿ ಕೂತಳು. ಗಂಡನಿಗೆ ಅಂದದ್ದೇನು, ತಾನು ಮಾಡಿದ್ದೇನು? ಸಂಬಳವಿಲ್ಲದ ತಿಂಗಳು ಎಂದು ನೆನೆದರೆ ಸಾಕು, ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ ಆ ದಿನಗಳೇ ಕಣ್ಣಮುಂದೆ ಬರುತ್ತಿದ್ದವು. ಹಣವಿದೆ, ಕಾಗದದ ಮೇಲೆ ಅಚ್ಚಾಗಿದೆ, ಆದರೂ ಕಾಲು ಮುಂದೆ ಹೋಗದು. ಮೂರು ವಾರ ಆ ಪತ್ರ ಅವಳ ಏಪ್ರನ್ನಿನ ಜೇಬಿನಲ್ಲೇ ಪುಡಿ ಮೆತ್ತಿಕೊಂಡು ಮಡಿಕೆ ಹರಿಯುತ್ತ ಬಂತು. ದಿನವೂ ಬೆಳಿಗ್ಗೆ ಇವತ್ತು ಎನ್ನುತ್ತಿದ್ದಳು. ಸಂಜೆ ನಾಳೆ ಎನ್ನುತ್ತಿದ್ದಳು.

ಈ ನಡುವೆ ಡಾಕ್ಟರು ಮಗಳ ಹಲ್ಲುಗಳನ್ನು ಹದಮಾಡಿ ಅಚ್ಚು ಕಳಿಸಿದ್ದರು. ಬಣ್ಣ ಹೊಂದಿಸಲು ಮಗಳನ್ನೇ ಲ್ಯಾಬಿಗೆ ಕರೆಸಿದಳು. ಹುಡುಗಿ ತಾಯಿಯ ಕೆಲಸದ ಜಾಗಕ್ಕೆ ಬಂದದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂರಿಸಿ, ದೀಪದಡಿ ಬಾಯಿ ತೆರೆಸಿ, ಮಾದರಿ ಹಲ್ಲುಗಳನ್ನು ಒಂದೊಂದೇ ಪಕ್ಕಕ್ಕಿಟ್ಟು ನೋಡಿದಳು. ಆಚೆ ಮೇಜಿನಲ್ಲಿ ಯಾರೋ ಅರೆಯುವ ಯಂತ್ರ ಹಾಕಿದರು. ಐದೇ ನಿಮಿಷಕ್ಕೆ ಹುಡುಗಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು. ಸುತ್ತ ಗೋಡೆಗಳನ್ನು ನೋಡಿ ಕೇಳಿದಳು:

"ಅಮ್ಮ, ಇಲ್ಲಿ ಗಾಳಿ ಎಲ್ಲಿಂದ ಬರುತ್ತೆ?"

ಇಪ್ಪತ್ತಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಹಲ್ಲಕ್ಕ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮಗಳನ್ನು ಮೆಟ್ಟಿಲವರೆಗೆ ಬಿಟ್ಟು ಬಂದವಳೇ ಏಪ್ರನ್ನೂ ಬಿಚ್ಚದೆ ಮಾಲೀಕರ ಕೋಣೆಗೆ ನಡೆದಳು. ಪತ್ರವನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ಕಟ್ಟಿಕೊಂಡಳು, ಎಲ್ಲಿ ಆ ಕೈಯೇ ಅದನ್ನು ಹಿಂದಕ್ಕೆ ತೆಗೆದುಕೊಂಡುಬಿಡುತ್ತದೋ ಎಂದು.

ಮಾಲೀಕರು ಓದಿ ನಕ್ಕರು. "ಇದೇನು ಹೊಸ ತಮಾಷೆ? ಸಂಬಳ ಸಾಲದಾ? ಐದನೇ ಒಂದು ಭಾಗ ಜಾಸ್ತಿ ಮಾಡ್ತೀನಿ."

ಬೇಡವೆಂದರೂ ಅವಳ ತಲೆ ಲೆಕ್ಕ ಹಾಕಿಬಿಟ್ಟಿತು: ತಿಂಗಳಿಗಿಷ್ಟು, ವರ್ಷಕ್ಕಿಷ್ಟು, ಮೂರು ವರ್ಷಕ್ಕಿಷ್ಟು.

"ಬೇಡ ಸರ್" ಎಂದಳು. ಎರಡು ಸಲ ಹೇಳಬೇಕಾಯಿತು; ಮೊದಲನೆಯದು ಅವಳಿಗೇ ಕೇಳಿಸಿರಲಿಲ್ಲ.

ರಾಜೀನಾಮೆ ಕೊಟ್ಟ ಮೇಲೆ ದುಡಿಯಬೇಕಾದ ಒಂದು ತಿಂಗಳು ಮುಗಿಯಿತು. ಮಗಳ ಹಲ್ಲು ಕೂತಿತು. ಗಂಡ ಜಗಳವಾಡಲಿಲ್ಲ. "ಆಗಲಿ, ನೀನು ಬಿಡು" ಎಂದ. ಎಂದವನು, ಅವಳ ಸಂಬಳದ ಕೊರತೆ ತುಂಬಲು ಮುಂಜಾನೆ ಎರಡು ಪಾಠ, ಭಾನುವಾರ ಪೂರ್ತಿ ಪಾಠ ಒಪ್ಪಿಕೊಂಡು ಬಂದ. "ಒಂದೇ ವರ್ಷ" ಎಂದ. ಆ ಒಂದು ವರ್ಷದ ಉದ್ದ ಎಷ್ಟೆಂದು ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಕಳೆದ ಮೊದಲ ಸೋಮವಾರ ಅಭ್ಯಾಸದಂತೆ ಐದೂವರೆಗೆ ಎಚ್ಚರವಾಯಿತು. ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ. ಹತ್ತು ಗಂಟೆಗೆ ಸೆಕೆಯಾಗಿ ಫ್ಯಾನಿನ ಸ್ವಿಚ್ಚಿನವರೆಗೆ ಹೋದ ಕೈ ತಾನಾಗಿ ಹಿಂದೆ ಬಂತು. ಆಮೇಲೆ ಹಟಕ್ಕೆ ಬಿದ್ದವಳಂತೆ ಹಾಕಿಯೇ ಬಿಟ್ಟಳು.

ಹನ್ನೊಂದಕ್ಕೆ ಗಂಡ ಮರೆತ ಫೋನು ಒಯ್ಯಲು ಓಡಿಬಂದ. ತಿರುಗುತ್ತಿದ್ದ ಫ್ಯಾನನ್ನು ನೋಡಿದ, ಆರಿಸದೆ ಫೋನು ಎತ್ತಿಕೊಂಡ.

"ಹತ್ತು ನಿಮಿಷ ಕೂತ್ಕೊಳ್ಳಿ. ಚಹಾ ಇದೆ."

"ಕಲಿಯೋರು ಕಾಯ್ತಿದ್ದಾರೆ ಕಣೇ."

"ಕಾಯಲಿ."

ಅವನು ಶೂ ಬಿಚ್ಚದೆ ಕುರ್ಚಿಯ ಅಂಚಿನಲ್ಲಿ ಕೂತ. ಕಣ್ಣು ಗಡಿಯಾರದ ಮೇಲೆ. ಬಿಸಿ ಚಹಾ ಒಂದೇ ಉಸಿರಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. "ಚೆನ್ನಾಗಿದೆ" ಎಂದ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಹಿಂದಕ್ಕೆ ನೋಡಿದ. ಆಮೇಲೆ ಹೊರಟುಹೋದ. ಐದು ನಿಮಿಷವೂ ಆಗಿರಲಿಲ್ಲ.

ಅವಳು ಲೋಟ ತೊಳೆದಿಟ್ಟಳು. ಚಪ್ಪಲಿ ಮೆಟ್ಟಿ ಮನೆಗೆ ಬೀಗ ಹಾಕಿ ಕೆಳಗಿಳಿದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಕೆಲಸದ ದಿನ ಈ ಹೊತ್ತಿಗೆ ಬೀದಿ ಹೇಗಿರುತ್ತದೆಂದು ಅವಳು ನೋಡಿಯೇ ಇರಲಿಲ್ಲ. ತಿರುವಿನವರೆಗೆ ನಡೆದಳು. ಅಲ್ಲಿ ಯಾರೋ ಕರೆದಂತಾಗಿ ಮನೆಗೆ ವಾಪಸು ಬಂದಳು.

ಮರುದಿನ ಮತ್ತೆ ಹೋದಳು. ಆ ದಿನ ತಿರುವು ದಾಟಿದಳು.