ಕೀಲಿ ತೆಗೆದರೂ ನಿಲ್ಲದ ಗಾಡಿ

ಅಂಬಾದಾಸ ಕೀಲಿ ತಿರುವಿದ, ಹೊರಗೇ ತೆಗೆದ, ಅಂಗೈಯಲ್ಲಿಟ್ಟುಕೊಂಡು ನೋಡಿದ. ಗಾಡಿ ಮಾತ್ರ ತನ್ನ ಪಾಡಿಗೆ ತಾನು ಗುಡುಗುಡು ಅನ್ನುತ್ತಲೇ ಇತ್ತು. ಆ ಡೀಸೆಲ್ ಸದ್ದು ಪುಣೆಯ ಭೋಸರಿಯ ವಸತಿ ಸೊಸೈಟಿಯ ಪಾರ್ಕಿಂಗನ್ನೆಲ್ಲ ತುಂಬಿ, ಮೊದಲನೇ ಮಾಳಿಗೆಯವರ ಕಿಟಕಿ ಗಾಜನ್ನು ಅದುರಿಸುತ್ತಿತ್ತು.

"ಇವತ್ತೂ ನಿಲ್ಲವಲ್ದೇನೋ?" ಹಿಂದಿನ ಸೀಟಿನಿಂದ ತಾಯಿ ಅವ್ವಮ್ಮ ಕೇಳಿದಳು. ದನಿಯಲ್ಲಿ ಚಿಂತೆಗಿಂತ ಭಕ್ತಿ ಹೆಚ್ಚಿತ್ತು.

"ಇಲ್ಲವ್ವಾ."

"ಕೀಲಿ ನಿನ್ನ ಕೈಯಾಗ, ಗಾಡಿ ಅವನ ಕೈಯಾಗ," ಎಂದು ಆಕೆ ಕಣ್ಣು ಮುಚ್ಚಿ ಕೈ ಮುಗಿದಳು. ಗಾಡಿ ತಾನಾಗೇ ನಡೆಯುವುದು ಆಕೆಗೆ ಶಿವನ ಕೃಪೆ. ಸೊಸೈಟಿಯವರಿಗೆ ಅದು ಬರೀ ಹೊಗೆ.

ಆ ಜರ್ಮನ್ ಗಾಡಿ ಅಂಬಾದಾಸ ಸ್ಟೋರ್ ಕ್ಲಾರ್ಕ್ ಆಗಿರುವ ವರ್ಕ್‌ಶಾಪಿನ ಮಾಲಕರದು. ಒಂದು ಕಾಲಕ್ಕೆ ಗೇಟಿನಲ್ಲಿ ಅದರ ಸದ್ದು ಕೇಳಿದರೆ ಲೇಥಿನ ಮುಂದಿನವರು ಬೀಡಿ ಆರಿಸುತ್ತಿದ್ದರು. ಹೊಸ ಗಾಡಿ ಬಂದ ಮೇಲೆ ಇದು ಶೆಡ್ಡಿನ ಹಿಂದೆ ಬೇವಿನೆಲೆ ಹೊದ್ದು ನಿಂತಿತು. ಗುಜರಿಗೆ ಹಾಕುತ್ತೇವೆ ಅಂದಾಗ, ಎಂದೂ ಏನನ್ನೂ ಕೇಳದ ಅಂಬಾದಾಸ "ನನಗ ಕೊಡ್ರಿ" ಎಂದು ಕೇಳಿಬಿಟ್ಟ. ಹಾಗೆ ಕೇಳುವಂತೆ ಮಾಡಿದ್ದು ಅವ್ವಮ್ಮನ ಸೊಂಟನೋವು. ಆಟೋ ಹತ್ತಿದರೆ ಅರ್ಧ ದಾರಿಗೇ ಆಕೆಯ ಕಣ್ಣಲ್ಲಿ ನೀರು. ಸೋಮವಾರ ಮಠದಲ್ಲಿ ಪುರಾಣ ಕೇಳುವುದು ನಿಂತು ವರ್ಷ ಕಳೆದಿತ್ತು. ಬೀದರ ಬಿಟ್ಟು ಪುಣೆಗೆ ಬಂದಾಗಿನಿಂದ ಆಕೆಗೆ ತನ್ನ ಕನ್ನಡ ಕಿವಿತುಂಬ ಕೇಳುವ ಜಾಗ ಅದೊಂದೇ. ಈ ಗಾಡಿಯ ಹಿಂದಿನ ಸೀಟಿನಲ್ಲಿ ಕೂತ ಮೊದಲ ದಿನ ಅಂದಿದ್ದಳು: "ಇದು ಸೀಟಲ್ಲಪ್ಪಾ, ತಾಯಿ ತೊಡಿ."

ಅಂಬಾದಾಸ ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ಬೆರಳು ಜಜ್ಜಿಕೊಳ್ಳುತ್ತ, ಬ್ರೇಕು, ಬೆಲ್ಟು, ರೇಡಿಯೇಟರ್ ಪೈಪು ಎಲ್ಲ ತಾನೇ ಸರಿ ಮಾಡಿದ. ಖಂಡೇನವಮಿಗೆ ಪೂಜೆಯಾಯಿತು. ಅವ್ವಮ್ಮನ ಆಸೆಯಂತೆ ಅವಳು ಕೂಡುವ ಕಡೆಯ ಬಾಗಿಲಿಗೆ ಹಿತ್ತಾಳೆಯ ಪುಟ್ಟ ವಿಭೂತಿ ಬಟ್ಟಲನ್ನು ಸ್ಕ್ರೂ ಹಾಕಿ ಕೂಡಿಸಿದ. ಆ ವಾರವೇ ಗಾಡಿ ನಿಲ್ಲುವುದನ್ನು ಮರೆಯಿತು.

ಸೊಸೈಟಿಯ ಸೆಕ್ರೆಟರಿ ಮಧುಕರ್ ಎರಡು ಸಲ ತಾಳಿಕೊಂಡ. ಮೂರನೇ ಸಲ ಕೆಳಗಿಳಿದು ಬಂದು, "ಕಾಕಾ, ಇದು ಮನೆ, ಕಾರಖಾನೆಯಲ್ಲ," ಎಂದು ಮರಾಠಿಯಲ್ಲಿ ಮೆಲ್ಲಗೇ ಅಂದ. ಆ ಮೆಲುದನಿಗೇ ಅಂಬಾದಾಸ ನಾಚಿದ. ಭಾನುವಾರ ಸಂಜೆಯೊಳಗೆ ಸರಿಹೋಗದಿದ್ದರೆ ತಾನೇ ಗುಜರಿಗೆ ಕಳಿಸುತ್ತೇನೆಂದು ಮಾತು ಕೊಟ್ಟ. ಕ್ರೇನಿನವನಿಗೂ ಹೇಳಿಟ್ಟ.

ಇದೇ ಆ ಭಾನುವಾರ.

ಅಂಬಾದಾಸ ಕೆಳಗಿಳಿದು, ಬಾನೆಟ್ ಎತ್ತಿ ಒಳಗಿನ ಕೆಂಪು ಹಿಡಿಕೆ ಒತ್ತಿದ. ಇಂಜಿನ್ ಒಮ್ಮೆ ಮೈ ನಡುಗಿಸಿ ಆರಿತು. ಹೀಗೆ ಕೊರಳು ಹಿಡಿದೇ ನಿಲ್ಲಿಸಬೇಕಾಗಿತ್ತು.

ಈ ಗಾಡಿಯನ್ನು ನಿಲ್ಲಿಸುವುದು ತಂತಿಯೂ ಅಲ್ಲ, ಕರೆಂಟೂ ಅಲ್ಲ ಎಂದು ತಿಳಿದ ದಿನ ಅವನು ಊಟ ಬಿಟ್ಟೆದ್ದು ಬಂದು ತಾಯಿಗೆ ಹೇಳಿದ್ದ. ಇಂಜಿನ್ನಿನ ಬದಿಗೆ ಒಂದು ಪಂಪು. ಅದು ಸಪೂರ ಪೈಪುಗಳೊಳಗಿನ ಗಾಳಿಯನ್ನೆಲ್ಲ ಹೀರಿ ಖಾಲಿ ಮಾಡಿಡುತ್ತದೆ. ಕೀಲಿ ತಿರುವಿದರೆ ಆ ಖಾಲಿಯೇ ಹೋಗಿ ಡೀಸೆಲ್ಲಿನ ಬಾಯಿ ಮುಚ್ಚುತ್ತದೆ.

"ಏನೂ ಇಲ್ಲದ್ದು ಎಳೀತದ?" ಎಂದಿದ್ದಳು ಅವ್ವಮ್ಮ.

"ಎಳೀತದವ್ವಾ. ಇಷ್ಟು ದೊಡ್ಡ ಇಂಜಿನ್ ಸುಮ್ಮನಾಗ್ತದ."

"ಬಯಲು ಬಯಲು ಅಂತ ಸಣ್ಣಂದಿನಿಂದ ಮಠದಾಗ ಕೇಳೀದಿ. ನಿನಗ ಬಾನೆಟ್ ಎತ್ತಿದ ಮ್ಯಾಲ ತಿಳೀತು."

ತಿಳಿದಿತ್ತು, ಆದರೆ ಕೈಗೆ ಸಿಕ್ಕಿರಲಿಲ್ಲ. ಮುಂದಿನ ಪೈಪುಗಳನ್ನೆಲ್ಲ ಬದಲಿಸಿದ್ದ, ಡೀಸೆಲ್ ಮುಚ್ಚುವ ವಾಲ್ವನ್ನೂ ಬದಲಿಸಿದ್ದ. ಖಾಲಿ ಎಲ್ಲೋ ಸೋರಿಹೋಗುತ್ತಿತ್ತು.

ಹೆಂಡತಿ ಶಿವಕಾಂತಾ ಚಹಾ ಹಿಡಿದು ಇಳಿದು ಬಂದಳು. "ಕ್ರೇನಿನವ ಫೋನ್ ಮಾಡಿದ್ದ. ಹೊಂಟಾನಂತ್ರಿ."

ಅಂಬಾದಾಸ ಬಾನೆಟ್ಟಿನೊಳಗೆ ಇನ್ನಷ್ಟು ಬಗ್ಗಿದ.

"ಇನ್ನ ಬದಲಿ ಮಾಡೋದು ಏನುಳದದ? ನಾ ಒಬ್ಬಾಕಿ ಉಳದೀನಿ ನೋಡ್ರಿ."

"ಸುಮ್ಕಿರ್ರಿ ಇಬ್ರೂ," ಅಂದಳು ಅವ್ವಮ್ಮ.

ಆಕೆ ತಲೆ ವಾಲಿಸಿ ಕೂತಿದ್ದಳು, ಪುರಾಣ ಕೇಳುವಾಗ ಕೂಡುವ ಹಾಗೆಯೇ. "ಇಲ್ಲಿ ಯಾರೋ ಉಸಿರು ಒಳಗ ಎಳಕೊಳ್ಳಲತ್ತಾರ."

ಅಂಬಾದಾಸ ಹಿಂದಿನ ಬಾಗಿಲಿಗೆ ಕಿವಿಯಿಟ್ಟ. ಮೊದಲು ತನ್ನ ಎದೆಯ ಬಡಿತ. ಆಮೇಲೆ ಅದು ಕೇಳಿಸಿತು: ಪದ್ಯ ಎತ್ತಿಕೊಳ್ಳುವ ಮುಂಚೆ ಹಾಡುವವರು ಎಳೆದುಕೊಳ್ಳುವ ಉಸಿರಿನಂಥದ್ದು, ಸಣ್ಣಗೆ, ಉದ್ದಕ್ಕೆ. ಕ್ರಮೇಣ ಕಮ್ಮಿಯಾಗಿ ಇಲ್ಲವಾಯಿತು. ಬಂದದ್ದು ವಿಭೂತಿ ಬಟ್ಟಲಿನ ಕೆಳಗಿಂದ.

ಅವನ ಕಣ್ಣು ಬಾಗಿಲ ಅಂಚಿನ ಬೀಗದ ಗುಬುಟಿನ ಮೇಲೆ ಹೋಯಿತು. ಬೀಗ ಹಾಕಿದರೆ ಉಳಿದ ಬಾಗಿಲುಗಳ ಗುಬುಟುಗಳು ತಾವಾಗೇ ಇಳಿಯುತ್ತಿದ್ದವು; ಇದೊಂದನ್ನು ಅವನು ಇತ್ತೀಚೆಗೆ ಬೆರಳಿನಿಂದ ಒತ್ತುತ್ತಿದ್ದ. ಹಳೇ ಗಾಡಿ, ಒಂದು ಬಾಗಿಲು ಹಟ ಮಾಡುತ್ತದೆ ಎಂದುಕೊಂಡಿದ್ದ. ಬಾಗಿಲಿಗೆ ಬೀಗ ಹಾಕುವುದೂ ಅದೇ ಖಾಲಿ! ಮುಂದೆ ಇಂಜಿನ್ ನಿಲ್ಲಿಸುವುದು, ಹಿಂದೆ ಬಾಗಿಲು ಕಾಯುವುದು, ಎಲ್ಲ ಒಂದೇ ಉಸಿರು. ಅದಕ್ಕೆ ತೂತು ಹಾಕಿದವನು ತಾನೇ.

"ಅವ್ವಾ, ಬಟ್ಟಲು ತೆಗೀಬೇಕಾಗ್ತದ."

ಆಕೆ ಬಟ್ಟಲನ್ನು ನೋಡಿದಳು, ಮಗನನ್ನು ನೋಡಿದಳು. "ಅಂದ್ರ, ಇಷ್ಟು ದಿನ ನಡಿಸಿದ್ದು ಅವ ಅಲ್ಲ?"

"ಅಲ್ಲವ್ವಾ. ನನ್ನ ಸ್ಕ್ರೂ."

ಶಿವಕಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವಮ್ಮ ಬಟ್ಟಲೊಳಗಿನ ವಿಭೂತಿಯನ್ನು ಒಂದು ಕಣವೂ ಚೆಲ್ಲದಂತೆ ಸೆರಗಿನ ತುದಿಗೆ ಕಟ್ಟಿಕೊಂಡಳು, ಬೆರಳಿಗಂಟಿದ್ದನ್ನು ಹಣೆಗೆ ಎಳೆದುಕೊಂಡಳು.

"ತೆಗಿ. ಅವಗ ಸ್ಕ್ರೂ ಯಾಕ ಬೇಕು."

ಬಾಗಿಲ ಒಳಹಲಗೆ ಕಳಚಿದಾಗ ಪೆನ್ನಿನ ರೀಫಿಲ್ಲಿನಷ್ಟು ಸಪೂರದ ಪೈಪು ಸಿಕ್ಕಿತು. ಅದರಲ್ಲಿ ಸಾಸಿವೆಯೂ ಹಿಡಿಯದಂಥ ತೂತು. ಅಷ್ಟೇ. ಆ ಭಾಗ ಕತ್ತರಿಸಿ, ವಾಚ್‌ಮನ್ನಿನ ಸೈಕಲ್ ಡಬ್ಬಿಯಲ್ಲಿದ್ದ ವಾಲ್ವ್ ರಬ್ಬರಿನ ತುಂಡನ್ನು ಎರಡೂ ತುದಿಗೆ ಏರಿಸಿ ಕೂಡಿಸಿದ.

ಅಷ್ಟರಲ್ಲಿ ಗೇಟಿನೊಳಗೆ ಕ್ರೇನ್ ಬಂತು. ಅದರ ಹಿಂದೆಯೇ ಚಪ್ಪಲಿ ಎಳೆಯುತ್ತ ಮಧುಕರ್.

"ಒಂದೇ ಒಂದು ಸಲ," ಎಂದ ಅಂಬಾದಾಸ.

ಗಾಡಿ ಚಾಲೂ ಮಾಡಿದ. ಗಾಜುಗಳು ಅದುರಿದವು. ಪಂಪು ಹೀರಿ ಮುಗಿಸಲಿ ಎಂದು ಕಾದ. ಆಮೇಲೆ ಕೀಲಿ ತಿರುವಿದ.

ನಿಂತಿತು.

ಹಿಡಿಕೆ ಒತ್ತಿದಾಗಿನ ಹಾಗೆ ನಡುಗಿ ಅಲ್ಲ. ಹೇಳಬೇಕಾದ್ದು ಮುಗಿದವರು ಸುಮ್ಮನಾಗುವ ಹಾಗೆ. ಇಷ್ಟು ಹೊತ್ತು ಎಲ್ಲಿದ್ದವೋ, ಗೇಟಿನ ಹತ್ತಿರದ ಕ್ರೇನಿನ ಸಣ್ಣ ಸದ್ದನ್ನು ದಾಟಿ ಪಾರಿವಾಳಗಳ ರೆಕ್ಕೆ ಕೇಳಿಸಿತು, ಮೇಲೆ ಯಾರದೋ ಕುಕ್ಕರ್ ಕೇಳಿಸಿತು. ಅಂಬಾದಾಸ ತನ್ನ ಬಾಗಿಲಿನ ಗುಬುಟು ಒತ್ತಿದ. ಹಿಂದೆ ಅವ್ವಮ್ಮನ ಬಾಗಿಲಿನ ಗುಬುಟು ಯಾರೂ ಮುಟ್ಟದೆ ಮೆಲ್ಲಗೆ ತಲೆ ತಗ್ಗಿಸಿ ಒಳಗಿಳಿಯಿತು.

"ಏನಾಗಿತ್ತು ಕಾಕಾ?" ಮಧುಕರ್ ಕೇಳಿದ.

ಅಂಬಾದಾಸ ಗಾಡಿಯಿಂದ ಇಳಿದ. ಕತ್ತರಿಸಿದ ಪೈಪಿನ ಚೂರನ್ನು ಅವನ ಅಂಗೈಯಲ್ಲಿಟ್ಟ. ಮಧುಕರ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇನ್ನೊಮ್ಮೆ ನಿಲ್ಲಿಸು," ಅಂದಳು ಅವ್ವಮ್ಮ.

"ಮೊದಲ ಚಾಲೂ ಮಾಡಬೇಕಾಗ್ತದವ್ವಾ."

"ಮಾಡು. ನಾಳೆ ಸೋಮವಾರ, ಮಠದ ಮುಂದ ಇಳಿಯೂ ಮುಂಚೆ ಇದರ ನಿಲ್ಲೂ ದನಿ ನನಗ ರೂಢಿ ಆಗಲಿ."

ಅಂಬಾದಾಸ ಮಧುಕರನ ಮುಖ ನೋಡಿದ. ಮಧುಕರ್ ಬೇಡ ಅನ್ನಲಿಲ್ಲ. ಗೇಟಿನ ಹತ್ತಿರ ಕ್ರೇನಿನವನು, ಯಾರೂ ಹೇಳದೆಯೇ, ಸರಿಯಾಗಿ ಕೇಳಿಸಲೆಂದು ತನ್ನ ಇಂಜಿನ್ ಬಂದ್ ಮಾಡಿದ.