ಹಳದಿ ಗ್ಲೌಸ್

"ಏನಮ್ಮಾ ಇದು! ನಗಿಸು ಅಂದ್ರೆ ಹಲ್ಲುನೋವು ಬಂದೋಳ ಥರ ಮಾಡಿಟ್ಟಿದ್ದೀಯಲ್ಲ!"

ಯಜಮಾನರು ಗೋಡೆಯ ಮೇಲಿನ ಪರದೆಯತ್ತ ಪೆನ್ನು ಚಾಚಿದರು. ಪರದೆಯಲ್ಲಿ, ಎದುರಿಗೆ ಕೂತ ಹುಡುಗಿ ಬರೆದ ಗೊಂಬೆ, ಒಬ್ಬ ಕಸಗುಡಿಸುವ ಹೆಂಗಸು, ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತ ಹಿಂದಕ್ಕೆ ಸರಿಯುತ್ತಿತ್ತು. ಒಂದೊಂದು ಸಲ ಸರಿದಾಗಲೂ ಎಡಗೈಯನ್ನು ಸೊಂಟಕ್ಕೆ ಆನಿಸಿಕೊಳ್ಳುತ್ತಿತ್ತು.

"ಸೊಂಟಕ್ಕೆ ಯಾಕೆ ಕೈ? ನಮ್ಮ ಕೆಲಸದೋರಿಗೆಲ್ಲ ಸೊಂಟ ಬಿದ್ದುಹೋಗಿದೆ ಅಂತ ತೋರಿಸ್ತೀಯಾ? ನಿಲ್ಲಿಸು ಅವಳನ್ನ. ನೆಟ್ಟಗೆ ನಿಲ್ಲಿಸು. ಕುಣಿಸು."

ಪಕ್ಕದಲ್ಲಿ ಕೂತಿದ್ದ ಪ್ರಚಾರದ ಮೇಡಂ ಬರೆದುಕೊಂಡಳು. "ಬಣ್ಣಾನೂ ಸ್ವಲ್ಪ ತಿಳಿ ಮಾಡಿಸೋಣ ಸರ್. ಇಷ್ಟು ಕಪ್ಪಿದ್ರೆ ನೋಡೋರಿಗೆ ಕ್ಲೀನ್ ಅನ್ಸಲ್ಲ."

"ಕರೆಕ್ಟ್. ಕೈಗೆ ಹಳದಿ ಗ್ಲೌಸು, ಕಾಲಿಗೆ ಬೂಟು, ಮುಖಕ್ಕೆ ಮಾಸ್ಕು."

"ಮಾಸ್ಕ್ ಹಾಕಿದ್ರೆ ನಗು ಕಾಣಲ್ಲ ಸರ್," ಎಂದಳು ಗೊಂಬೆ ಬರೆದವಳು.

"ಕಣ್ಣಲ್ಲೇ ನಗಿಸು! ನಿನ್ನನ್ನ ಕರೆಸಿರೋದು ಮತ್ಯಾತಕ್ಕೆ?"

ಆಸ್ಪತ್ರೆಗಳಿಗೂ ಕಚೇರಿಗಳಿಗೂ ಸ್ವಚ್ಛತೆಯ ಆಳುಗಳನ್ನು ಒದಗಿಸುವ ಕಂಪನಿ ಅದು. ಅವಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಗೊಂಬೆ ಕುಣಿಸಿ ಹೊಟ್ಟೆ ಹೊರೆಯುವವಳು. ಕಾಯಂ ಕೆಲಸವೆಂಬುದಿಲ್ಲ, ಕರೆದವರೇ ಧಣಿಗಳು. ಈ ಕಂಪನಿ ಮೊದಲು ಅವಳಂಥ ಐದು ಜನರನ್ನು ಕರೆಸಿ, ಪರೀಕ್ಷೆಯೆಂದು ಐವರಿಂದಲೂ ಪುಕ್ಕಟೆಯಾಗಿ ಒಂದೊಂದು ತುಣುಕು ಮಾಡಿಸಿಕೊಂಡಿತ್ತು. ಆಮೇಲೆ ನಾಲ್ವರನ್ನು ಕಳಿಸಿ, ಅವರ ತುಣುಕುಗಳನ್ನು ಇವಳ ಮುಂದಿಟ್ಟು "ಇದರಲ್ಲಿ ಚೆನ್ನಾಗಿರೋದನ್ನೆಲ್ಲ ಹೀಗೇ ಇಳಿಸು" ಎಂದಿತ್ತು. ಇವಳು ಇಳಿಸಿದ್ದಳು. ಬೇಡವೆಂದಿದ್ದರೆ ಆ ನಾಲ್ವರಲ್ಲಿ ಒಬ್ಬರು ಇಳಿಸುತ್ತಿದ್ದರು.

ಚಹಾ ಬಂತು. ಯಜಮಾನರಿಗೂ ಮೇಡಮ್ಮಿಗೂ ಪಿಂಗಾಣಿ ಕಪ್ಪು, ಅವಳಿಗೆ ಕಾಗದದ ಲೋಟ.

"ಹೊರಗಿನೋರಿಗೆ ಬೇರೆ ಇಡ್ತೀವಿ," ಎಂದಳು ಮೇಡಂ. "ಹೈಜೀನ್, ಬೇಜಾರ್ ಮಾಡ್ಕೋಬೇಡಿ."

"ಸರ್, ಈ ಗ್ಲೌಸು ಬೂಟು ನಿಜವಾಗ್ಲೂ ಕೊಡ್ತೀರಾ?" ಎಂದು ಅವಳು ಕೇಳಿಬಿಟ್ಟಳು.

ಯಜಮಾನರು ಕಪ್ಪು ಕೆಳಗಿಟ್ಟರು. "ನೀನು ಬರೆಯೋ ಆನೆ ನಿಜವಾಗ್ಲೂ ಹಾರುತ್ತಾ? ಗೊಂಬೆ ಕುಣಿಸೋಳು ಗೊಂಬೆ ಕುಣಿಸು. ಲಾಯರ್ ಬೇಕಾದಾಗ ಲಾಯರನ್ನ ಕರೆಸ್ಕೋತೀನಿ."

ಅವಳು ತಲೆಯಾಡಿಸಿ ಎದ್ದಳು. ತನ್ನ ತಾಯಿ ಇದೇ ಕಂಪನಿಯ ಆಳಾಗಿ ದೊಡ್ಡಾಸ್ಪತ್ರೆಯ ಕಕ್ಕಸು ತೊಳೆಯುತ್ತಾಳೆಂದು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಆ ಕಾಗದದ ಲೋಟವೂ ಸಿಗುತ್ತಿರಲಿಲ್ಲ.

ಮನೆಯೆಂದರೆ ಒಂದು ಕೋಣೆ. ಕಿಟಕಿಯ ಕೆಳಗೆ ಕಂಪ್ಯೂಟರು, ಅದಕ್ಕೆ ಅಂಟಿಕೊಂಡೇ ಒಲೆ. ಮಧ್ಯಾಹ್ನ ಕೆಲಸ ಮುಗಿಸಿ ಬಂದ ತಾಯಿ ಚಪ್ಪಲಿ ಬಿಟ್ಟು ಮಗಳ ಬೆನ್ನ ಹಿಂದೆ ನಿಂತಳು. ಪರದೆಯ ಹೆಂಗಸು ಈಗ ಬೆಳ್ಳಗಾಗಿದ್ದಳು. ಪೊರಕೆಯನ್ನು ಗಿರಗಿರ ತಿರುಗಿಸಿ ಎಸೆದು, ಮೇಲಿಂದ ಬೀಳುವಾಗ ಹಿಡಿಯುತ್ತಿದ್ದಳು.

"ಇವಳ್ಯಾರೇ? ಕಸ ಹೊಡೆಯೋಕೆ ಹೊರಟಿದ್ದಾಳೋ, ಗಂಡು ನೋಡೋಕೆ ಹೊರಟಿದ್ದಾಳೋ?"

ಮಗಳು ನಗಲಿಲ್ಲ. "ನೀನೇ ಅಮ್ಮ. ನಿನ್ನ ಕಂಪನಿದೇ ಕೆಲಸ ಇದು."

ತಾಯಿ ಬಗ್ಗಿ ನೋಡಿದಳು. ಆಸಿಡ್ಡಿಗೆ ಸುಲಿದು ಸುಲಿದು ಅವಳ ಬೆರಳ ತುದಿಗಳು ಉಜ್ಜಿದ ಕಲ್ಲಿನಂತಾಗಿದ್ದವು. ಆ ಬೆರಳಿನಿಂದಲೇ ಗೊಂಬೆಯ ಗ್ಲೌಸನ್ನು ಮುಟ್ಟಿದಳು.

"ಬಿಟ್ಬಿಡ್ಲಾ ಅಮ್ಮ?" ಎಂದಳು ಮಗಳು.

"ಬಿಟ್ಟು? ಒಲೆ ಮೇಲೆ ಕಂಪ್ಯೂಟರ್ ಬೇಯಿಸ್ತೀಯಾ?" ತಾಯಿ ನೀರಿನ ಕೊಡದ ಕಡೆ ತಿರುಗಿದಳು. "ನಾನು ಅವರ ಹೇಲು ತೊಳೀತೀನಿ, ನೀನು ಅವರ ಮುಖ ತೊಳಿ. ಯಾರ ಕೆಲಸ ಹೆಚ್ಚು ಗಬ್ಬು ಅಂತ ಆಮೇಲೆ ನೋಡೋಣ."

ಮಗಳು ಚಿತ್ರ ಮುಗಿಸಿದಳು. ಚೆನ್ನಾಗಿಯೇ ಮುಗಿಸಿದಳು.

ಅದನ್ನು ತೋರಿಸುವ ದಿನ ಅವಳನ್ನೂ ಬರಹೇಳಿದರು. ದೊಡ್ಡಾಸ್ಪತ್ರೆಯ ಸಭಾಂಗಣ. ಬೆಳಗಿನ ಪಾಳಿ ಮುಗಿಸಿದ ನಲವತ್ತು ಹೆಂಗಸರನ್ನು ನೆಲದ ಮೇಲೆ ಕೂರಿಸಿದ್ದರು. ಗೋಡೆಯುದ್ದಕ್ಕೂ ಕುರ್ಚಿಗಳಿದ್ದವು. "ಒದ್ದೆ ಸೀರೇಲಿ ಕುರ್ಚಿ ಮೇಲೆ ಕೂತ್ರೆ ಚರ್ಮ ಸುಲೀತೀನಿ, ಲೌಡಿಯರಾ!" ಎಂದು ಸೂಪರ್‌ವೈಸರ್ ಮೊದಲೇ ಗದರಿಸಿದ್ದ. ತಾಯಿ ಮೂರನೆಯ ಸಾಲಿನಲ್ಲಿದ್ದಳು. ಮಗಳು ಲ್ಯಾಪ್‌ಟಾಪಿನ ಮೇಜಿನ ಬಳಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಂತೆ ತೋರಿಸಿಕೊಳ್ಳಲಿಲ್ಲ.

ಚಿತ್ರ ಶುರುವಾಯಿತು. ಗೊಂಬೆ ಬೂಟು ತೊಟ್ಟು ಜಿಗಿಯಿತು. ಹಳದಿ ಗ್ಲೌಸು ಏರಿಸಿ ಕಣ್ಣು ಮಿಟುಕಿಸಿತು.

ಮೊದಲು ನಕ್ಕವಳು ಯಾರೋ ತಿಳಿಯಲಿಲ್ಲ. ಆಮೇಲೆ ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು.

"ಅಯ್ಯೋ, ಬೂಟು ನೋಡೇ ಇವಳದು! ಮಂತ್ರಿ ಹೆಂಡ್ತಿ ಕಣೇ!"

"ಪೊರಕೆ ಹಾರಿಸ್ತಾಳಲ್ಲೇ! ನಾವು ಹಾರಿಸಿದ್ರೆ ಸೂಪರ್‌ವೈಸರ್ ಬುರುಡೆ ಮೇಲೇ ಬೀಳ್ತಿತ್ತು!"

ಯಜಮಾನರು ಹಿಗ್ಗಿ ಮೇಡಂ ಕಡೆ ತಿರುಗಿದರು. "ನೋಡಿದ್ರಾ? ಎಷ್ಟು ಖುಷಿಪಡ್ತಿದ್ದಾರೆ!"

ಮಗಳು ಲ್ಯಾಪ್‌ಟಾಪಿನ ಕಡೆ ಬಗ್ಗಿದಳು. ಈ ಗೇಲಿಯಲ್ಲಿ ಅರ್ಧ ತನ್ನ ಪಾಲಿನದೆಂದು ಅವಳಿಗೆ ಗೊತ್ತಿತ್ತು.

ಚಿತ್ರ ಮುಗಿಯಿತು. ಸೂಪರ್‌ವೈಸರ್ ದಪ್ಪ ರಿಜಿಸ್ಟರೊಂದನ್ನು ತಂದು, ಲ್ಯಾಪ್‌ಟಾಪಿನ ಪಕ್ಕದಲ್ಲೇ ಬಿಚ್ಚಿಟ್ಟು, ಶಾಯಿಯ ಡಬ್ಬಿ ತೆರೆದ. "ಒಬ್ಬೊಬ್ಬರೇ ಬಂದು ಸೈನ್ ಹಾಕಿ, ಬರದೋರು ಹೆಬ್ಬೆಟ್ಟು ಒತ್ತಿ. ಮಾತಾಡದೆ ಹೋಗ್ತಿರಿ."

ಮಗಳ ಕಣ್ಣು ಪುಟದ ತಲೆಬರಹಕ್ಕೆ ಬಿತ್ತು. 'ಗ್ಲೌಸ್, ಬೂಟು, ಮಾಸ್ಕ್ ಪಡೆದಿದ್ದೇವೆ. ತರಬೇತಿಯ ಚಿತ್ರ ನೋಡಿದ್ದೇವೆ.' ಕೆಳಗೆ ಎರಡು ತಿಂಗಳ ಹಿಂದಿನ ತಾರೀಖು. ಆ ತಾರೀಖಿನಂದು ಈ ಚಿತ್ರದ ಒಂದು ಗೆರೆಯೂ ಹುಟ್ಟಿರಲಿಲ್ಲ. ಮೊದಲನೆಯ ಸಾಲಿನಲ್ಲಿ ಆಗಲೇ ಒಂದು ಹೆಸರಿತ್ತು, ಎದುರಿಗೆ ದುಂಡಗಿನ ಸಹಿಯೂ ಇತ್ತು. ಹೆಸರು ಉದ್ದಕ್ಕನದು.

ಉದ್ದಕ್ಕ ತಾಯಿ ಮಗಳ ಪಕ್ಕದ ಕೋಣೆಯವಳು, ಇದೇ ಕಂಪನಿಯ ಆಳು. ಹೋದ ತಿಂಗಳು ಕಕ್ಕಸಿಗೆ ಆಸಿಡ್ ಸುರಿಯುವಾಗ ಬರಿಗಾಲು ಜಾರಿ ಬಕೆಟ್ಟಿನ ಸಮೇತ ಬಿದ್ದಿದ್ದಳು. ತಾನೇ ಒರೆಸುತ್ತಿದ್ದ ವಾರ್ಡಿನಲ್ಲಿ ಈಗ ಮಲಗಿದ್ದಳು. ಹೇಗಾಯಿತೆಂದು ಸರ್ಕಾರದ ಮೇಲಿನವರು ಕಂಪನಿಯನ್ನು ಕೇಳುತ್ತಿದ್ದರು. ಗೊಂಬೆ ಕುಣಿದದ್ದು ಯಾತಕ್ಕೆಂದು ಮಗಳಿಗೆ ಆಗ ಹೊಳೆಯಿತು.

ಅವಳು ಗಟ್ಟಿಯಾಗಿ ಓದಿದಳು. ತಲೆಬರಹ ಓದಿದಳು, ತಾರೀಖು ಓದಿದಳು, ಹೆಸರು ಓದಿದಳು.

"ಉದ್ದಕ್ಕ ಸಹಿ ಹಾಕಿದ್ದಾಳೆ," ಎಂದಳು.

ನಗು ನಿಂತಿತು.

"ಉದ್ದಕ್ಕನಾ? ಅವಳಿಗೆಲ್ಲಿ ಸಹಿ ಬರುತ್ತೆ?" ಎಂದಿತು ಹಿಂದಿನ ಸಾಲಿನ ಒಂದು ದನಿ.

"ಏಯ್, ನಿನಗ್ಯಾರು ಓದೋಕೆ ಹೇಳಿದ್ದು?" ಯಜಮಾನರು ಎದ್ದರು. "ನಿನ್ನ ಕೆಲಸ ಮುಗೀತು, ನಡಿ ಆಚೆ!"

ಮೂರನೆಯ ಸಾಲಿನಿಂದ ತಾಯಿ ಎದ್ದು ಬಂದಳು. ಸೂಪರ್‌ವೈಸರ್ ಶಾಯಿಯ ಡಬ್ಬಿ ಮುಂದೆ ಚಾಚಿದ. ಅವಳು ಅದನ್ನು ನೋಡಲೇ ಇಲ್ಲ.

"ಗ್ಲೌಸು ಕೊಟ್ಟಿರೋದು ಆ ಗೊಂಬೆಗೆ ತಾನೇ ಸ್ವಾಮಿ? ಅವಳ ಹತ್ರಾನೇ ಒತ್ತಿಸ್ಕೊಳ್ಳಿ ಹೆಬ್ಬೆಟ್ಟು."

"ಬಾಯ್ಮುಚ್ಚು ಮುಂಡೆ! ನಾಳೆಯಿಂದ ಕೆಲಸ ಇಲ್ಲ ನಿನಗೆ!" ಯಜಮಾನರು ಗುಡುಗಿದರು.

"ನಮ್ಮಮ್ಮನ್ನ ಮುಂಡೆ ಅಂದ್ರೆ ಚೆನ್ನಾಗಿರಲ್ಲ!" ಎಂದಳು ಮಗಳು.

ಯಜಮಾನರು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದರು. "ಓಹೋ! ಇದಾ ವಿಷಯ! ಇವಳ ಹೊಟ್ಟೇಲಿ ಹುಟ್ಟಿದೋಳು ಅಂತ ಗೊತ್ತಿದ್ರೆ ನಿನ್ನನ್ನ ಮೆಟ್ಟಿಲೂ ಹತ್ತಿಸ್ತಿರ್ಲಿಲ್ಲ!"

"ಗೊತ್ತಿತ್ತು," ಎಂದಳು ಮಗಳು. "ಅದಕ್ಕೇ ಹೇಳ್ಲಿಲ್ಲ."

ಅಷ್ಟರಲ್ಲಿ ತಾಯಿ ರಿಜಿಸ್ಟರನ್ನು ಮಡಚಿ ಎತ್ತಿಕೊಂಡಿದ್ದಳು. ಓಡಲಿಲ್ಲ. ಅಲ್ಲೇ ನೆಲದ ಮೇಲಿಟ್ಟು, ಕಕ್ಕಸಿನ ನೀರಿಗೆ ಮೊಣಕಾಲವರೆಗೆ ಒದ್ದೆಯಾದ ಸೀರೆಯನ್ನು ಸರಿಮಾಡಿಕೊಂಡು, ರಿಜಿಸ್ಟರಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು.

"ಯಾರಿಗೆ ಬೇಕೋ ಬಂದು ತಗೊಳ್ಳಿ," ಎಂದಳು. "ಮೇಲಿನೋರು ಬಂದ್ರೆ ನಾನೇ ಎದ್ದು ಅವರ ಕೈಗೆ ಕೊಡ್ತೀನಿ."

"ಕಿತ್ಕೊಳ್ಳೋ ಅದನ್ನ!" ಯಜಮಾನರು ಸೂಪರ್‌ವೈಸರನಿಗೆ ಅಬ್ಬರಿಸಿದರು.

ಸೂಪರ್‌ವೈಸರ್ ಎರಡು ಹೆಜ್ಜೆ ಇಟ್ಟ. ವಾಸನೆ ಅವನ ಮೂಗಿಗೆ ಬಡಿಯಿತು. ನಿಂತ. "ಹೆಂಗಸು ಸರ್... ಮೇಡಂ ಹಿಡ್ಕೊಂಡ್ರೆ ಸರಿ," ಎಂದ.

"ನಾನಾ?" ಮೇಡಂ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಥೂ, ಕೈಲಾಗದ ನಾಯಿಗಳಾ!" ಎಂದು ಯಜಮಾನರೇ ಬಂದರು. ತಾಯಿಯ ತೋಳಿಗೆ ಒಂದು ಗೇಣು ದೂರದವರೆಗೆ ಅವರ ಕೈ ಹೋಯಿತು. ಅಲ್ಲೇ ನಿಂತುಬಿಟ್ಟಿತು.

ಹಿಂದಿನ ಸಾಲಿನವರು ಒಬ್ಬೊಬ್ಬರೇ ಮುಂದಕ್ಕೆ ಜರುಗಿ ತಾಯಿಗೆ ಒತ್ತಿ ಕೂತರು. ಮಗಳು ಲ್ಯಾಪ್‌ಟಾಪ್ ಬಿಟ್ಟು ಅವರ ನಡುವೆ ಜಾಗ ಮಾಡಿಕೊಂಡಳು.

"ಮುಟ್ಟಿ ಸ್ವಾಮಿ," ಎಂದಳು ತಾಯಿ. "ನಾವೇನು ಕಚ್ಚಲ್ಲ."

ಯಜಮಾನರ ಕೈ ಗಾಳಿಯಲ್ಲೇ ಇತ್ತು.