ಮೊಳೆ ಅಲ್ಲೇ ಇದೆ

ನನ್ನ ಮಗಳು ರಸ್ತೆಗೆ ಮೊಳೆ ಹೊಡೆಯುವ ಕೆಲಸ ಮಾಡುತ್ತಾಳೆ. ಹೀಗೆ ಹೇಳಿದರೆ ಕೇಳಿದವರು ಮೊದಲು ತಮ್ಮ ಸ್ಕೂಟರಿನ ಚಕ್ರದ ಕಡೆ ನೋಡುತ್ತಾರೆ. ಅದಕ್ಕೇ ಈಗೀಗ ಸರ್ವೆ ಆಫೀಸಿನಲ್ಲಿದ್ದಾಳೆ ಎಂದಷ್ಟೇ ಹೇಳುತ್ತೇನೆ.

ಕೆಲಸ ಮಾತ್ರ ಅದೇ. ರಸ್ತೆ ಅಗೆದು ಕೊಳವೆ ಹಾಕುವ ಮೊದಲು ಅಳೆಯಬೇಕು. ಅಳೆಯುವ ಮೊದಲು ಡಾಂಬರಿನಲ್ಲಿ ಅಲ್ಲಾಡದ ಗುರುತುಗಳನ್ನು ನೆಡಬೇಕು. ಅವಳ ಚೀಲವನ್ನು ಒರೆಸಿಡುವವಳು ನಾನೇ ಆದ್ದರಿಂದ ಅದರೊಳಗಿನ ಸಾಮಾನು ನನಗೆ ಪರಿಚಯ. ಗಿಡ್ಡ ಹಿಡಿಯ ಭಾರದ ಸುತ್ತಿಗೆ. ಕಲ್ಲಿನಲ್ಲಿ ಗೀಟು ಕೊರೆಯುವ ಉಳಿ. ಬಗ್ಗದ ಉಕ್ಕಿನ ಮೊಳೆಗಳು, ಒಂದೊಂದರ ತಲೆಯ ನಡುವೆಯೂ ಸಾಸಿವೆಯಷ್ಟು ಕುಳಿ. ಅಳತೆ ಆ ಕುಳಿಯಿಂದಲೇ ಹೊರತು ಮೊಳೆಯಿಂದಲ್ಲ ಎಂದು ಅವಳು ನನಗೆ ಊಟದ ಹೊತ್ತಿನಲ್ಲಿ ಹಲವು ಸಲ ಹೇಳಿದ್ದಾಳೆ. ಮೊಳೆಯ ಕೊರಳಿಗೆ ಹಾಕುವ ತಗಡಿನ ಬಿಲ್ಲೆ. ತಲೆಕೆಳಗಾಗಿ ಹಿಡಿದರೆ ಮಾತ್ರ ಚಿಮ್ಮುವ ಕಿತ್ತಳೆ ಬಣ್ಣದ ಡಬ್ಬಿ. ನೀಲಿ ಮೇಣದ ಬಳಪ. ಈ ಬಳಪ ಒಮ್ಮೆ ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್ನಿಗೆ ಹೋಗಿತ್ತು. ಅಂದಿನಿಂದ ನಮ್ಮ ಯಜಮಾನರು ಆಕಾಶದ ಬಣ್ಣದ ಬನಿಯನ್ನು ಹಾಕುತ್ತಾರೆ.

ಕೆಲಸಕ್ಕೆ ಸೇರಿದಾಗಿನಿಂದ ಅವಳು ಕನ್ನಡಿ ಕಟ್ಟಿದ ಕೋಲು ಹಿಡಿದು ಬಿಸಿಲಿನಲ್ಲಿ ನಿಲ್ಲುತ್ತಿದ್ದಳು. ದೂರ ಅಳೆಯುವ ಯಂತ್ರದ ಹಿಂದೆ ನಿಂತು ಆ ಕನ್ನಡಿಯನ್ನು ನೋಡುವವರು ಬೇರೆ. ಹೋದ ವಾರ ಅವಳ ಮೇಲಧಿಕಾರಿ ಕರೆದು, ನಮ್ಮ ಬೀದಿಯನ್ನೇ ಒಪ್ಪಿಸಿದರು. ಗುರುತುಗಳನ್ನೆಲ್ಲ ಅವಳೊಬ್ಬಳೇ ನೆಡಬೇಕು, ಅಳೆಯಬೇಕು, ಆಮೇಲೆ ಅವರು ಬಂದು ಪರೀಕ್ಷೆ ಮಾಡುತ್ತಾರೆ. ಸರಿಯಿದ್ದರೆ ಯಂತ್ರ ಅವಳ ಕೈಗೆ. ತಪ್ಪಿದ್ದರೆ ಮತ್ತೆ ಕೋಲು. ಆಫೀಸಿನಲ್ಲಿ ಅವರನ್ನು ಎಲ್ಲರೂ ಮಿಲಿಮೀಟರ್ ಸರ್ ಎನ್ನುತ್ತಾರಂತೆ. ಎದುರಿಗೇ ಅಂದರೂ ಅವರು ನಗುವುದಿಲ್ಲವಂತೆ.

ಪರೀಕ್ಷೆಯ ದಿನ ಬೆಳಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಾ, ಮೊಳೆ ನಡ್ಕೊಂಡು ಹೋಗಿದೆ."

"ಎಲ್ಲಿಗೆ?"

"ಬಂದು ನೋಡು."

ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ನಮ್ಮ ಮೆಟ್ಟಿಲಿನ ಮುಂದೆ, ಡಾಂಬರಿನ ಅಂಚಿನಲ್ಲಿ, ಕಿತ್ತಳೆ ಬಣ್ಣದ ವೃತ್ತವಿತ್ತು. ವೃತ್ತದ ನಡುವೆ ಪುಡಿಪುಡಿಯಾದ ಒಂದು ತೂತಿತ್ತು. ಮೊಳೆ ವೃತ್ತದ ಹೊರಗೆ, ತವರಿಗೆ ಬಂದವಳ ಹಾಗೆ ನಿಶ್ಚಿಂತೆಯಿಂದ ಕೂತಿತ್ತು. ಅದರ ಬಿಲ್ಲೆಯನ್ನು ಯಾರೋ ಚೆನ್ನಾಗಿ ಉಜ್ಜಿ ತೊಳೆದಿದ್ದರು. ನಮ್ಮ ಬೀದಿಯಲ್ಲಿ ಬೂದಿ ಹಾಕಿ ಉಜ್ಜುವವರು ಒಬ್ಬರೇ.

"ಅತ್ತೇ," ಎಂದು ಕೂಗಿದೆ.

ಅತ್ತೆ ಹೊರಗೆ ಬಂದರು. ಕೈಯಲ್ಲಿ ಅವರ ಮಡಚುವ ಕಬ್ಬಿಣದ ಕುರ್ಚಿ.

"ಈ ಮೊಳೆ ಎಲ್ಲಿತ್ತು ಅತ್ತೆ?"

"ಅಲ್ಲೇ ಇತ್ತು."

"ಈಗ ಎಲ್ಲಿದೆ?"

"ಈಗ್ಲೂ ಅಲ್ಲೇ ಇದೆಯಲ್ಲ. ಕಣ್ಣು ಕಾಣ್ಸಲ್ವಾ ನಿಂಗೆ?"

ನಮ್ಮ ಮನೆಯಲ್ಲಿ 'ಅಲ್ಲೇ' ಎನ್ನುವುದು ದೊಡ್ಡ ಪ್ರದೇಶ. ಕತ್ತರಿ ಅಲ್ಲೇ ಇದೆ ಎಂದರೆ ಅಡುಗೆಮನೆ, ನಡುಮನೆ ಮತ್ತು ಮಹಡಿ ಮೆಟ್ಟಿಲು ಎಂದು ಅರ್ಥ. ಇಷ್ಟು ವರ್ಷ ಸಂಸಾರ ಮಾಡಿ ನಾನು ಅದಕ್ಕೆ ಒಗ್ಗಿಹೋಗಿದ್ದೇನೆ. ಮಿಲಿಮೀಟರ್ ಸರ್ ಒಗ್ಗಿರಲಾರರು.

ವಿಷಯ ಇಷ್ಟೇ. ಸಂಜೆ ಅತ್ತೆ ಕುರ್ಚಿ ಹಾಕಿಕೊಂಡು ಕೂರುವ ಜಾಗ ಅದು. ಹಿಂದಿನ ಸಂಜೆ ಕುರ್ಚಿಯ ಒಂದು ಕಾಲು ಮೊಳೆಯ ತಲೆಯ ಮೇಲೆ ಕೂತು, ಕುರ್ಚಿ ಕುಂಟಿತು. ನಾನು ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಮಗಳು ಯಂತ್ರ ಒಪ್ಪಿಸಲು ಆಫೀಸಿಗೆ ಹೋಗಿದ್ದಳು. ಅತ್ತೆ ಎದುರಿನ ಬೀಗದಂಗಡಿಯವನನ್ನು ಕರೆದರು.

"ಕಿತ್ತಿದ್ದು ಅವ್ನು. ಹೊಡ್ದಿದ್ದು ನಾನೇ," ಎಂದರು ಅತ್ತೆ. "ಮಗು ಸಾಮಾನು, ಕಳ್ದು ಹೋದ್ರೆ ಆಫೀಸಲ್ಲಿ ಬೈತಾರೆ ಅಂತ ಉಜ್ಜಿ ಮತ್ತೆ ಹೊಡೆದೆ. ಒಂದು ನಾಲ್ಕು ಬೆರಳು ಆಚೆ."

ಮಗಳು ಬಗ್ಗಿ ನೋಡಿದಳು. "ಒಂದು ಗೇಣಿದೆ ಅಜ್ಜಿ."

"ಬೆರಳು ಬಿಡಿಸಿ ಹಿಡ್ಕೋ, ನಾಲ್ಕೇ ಬರತ್ತೆ. ಬಣ್ಣನೂ ಹೊಸದಾಗಿ ಹೊಡೀಬೇಕು ಅಂತಿದ್ದೆ ಮರಿ. ಡಬ್ಬಿ ಸಿಗ್ಲಿಲ್ಲ."

ಡಬ್ಬಿಯನ್ನು ನಾನು ಅಟ್ಟದ ಮೇಲೆ ಇಟ್ಟಿದ್ದೆ. ಆ ಕ್ಷಣ ನನ್ನ ಬಗ್ಗೆ ನನಗೆ ಸ್ವಲ್ಪ ಗೌರವ ಬಂತು.

ಎದುರಿನ ಬೀಗದಂಗಡಿಯವನು ನಾವು ಮೂವರೂ ರಸ್ತೆ ನೋಡುತ್ತಿರುವುದನ್ನು ಕಂಡು ಒಳಗೆ ಹೋಗಿ, ತನ್ನ ಅಂಗಡಿಗೆ ತಾನೇ ಚಿಲಕ ಹಾಕಿಕೊಂಡ.

ಮಗಳು ಅಳಲಿಲ್ಲ. ಅಜ್ಜಿಯ ಮೇಲೆ ಕೂಗಾಡಲೂ ಇಲ್ಲ. ಚೀಲ ತಂದು ರಸ್ತೆಯಲ್ಲಿ ಕೂತಳು. ಸಾಮಾನನ್ನೆಲ್ಲ ಹೊರಗೆ ತೆಗೆದು ಸಾಲಾಗಿ ಜೋಡಿಸಿದಳು, ಮತ್ತೆ ಕೆಡಿಸಿ ಜೋಡಿಸಿದಳು. ಚಿಕ್ಕವಳಿದ್ದಾಗ ಪರೀಕ್ಷೆಗೆ ಹೋಗುವ ಬೆಳಗ್ಗೆ ಪೆನ್ಸಿಲುಗಳನ್ನು ಹಾಗೇ ಜೋಡಿಸುತ್ತಿದ್ದಳು, ನಾನು ಎರಡೂ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ. ಈಗ ನನ್ನ ಕೈಗೆ ಹಿಟ್ಟು ಮೆತ್ತಿತ್ತು.

"ಆ ತೂತಿಗೇ ವಾಪಸ್ ಹೊಡೆದ್ರೆ ಆಗಲ್ವಾ?" ಎಂದೆ.

"ಕೀಳುವಾಗ ತೂತು ಒಡೆದಿದೆ ಅಮ್ಮ. ನಡು ಎಲ್ಲಿ ಅಂತ ಯಾರಿಗೆ ಗೊತ್ತು? ಸಾಕ್ಷಿ ಕೇಳ್ಬೇಕು."

"ಸಾಕ್ಷಿ ಯಾಕೆ?" ಅತ್ತೆ ಗಾಬರಿಯಾದರು. "ನಾನೇ ಒಪ್ಕೊಂಡೆನಲ್ಲ!"

ಸಾಕ್ಷಿ ಎಂದರೆ ಮನುಷ್ಯರಲ್ಲ. ಮೊಳೆ ಹೊಡೆದ ದಿನವೇ ಅವಳು ಸುತ್ತಮುತ್ತ ಕದಲದ ಮೂರು ಕಡೆ ಉಳಿಯಿಂದ ಕತ್ತರಿ ಆಕಾರದ ಗೀಟು ಕೊರೆದಿದ್ದಳು. ಒಂದು ನಮ್ಮ ಮೆಟ್ಟಿಲಿನ ಮೂಲೆಯಲ್ಲಿ, ಒಂದು ಚರಂಡಿಯ ಕಲ್ಲಿನ ಮೇಲೆ, ಒಂದು ದೀಪದ ಕಂಬದ ಕಟ್ಟೆಯ ಮೇಲೆ. ಒಂದೊಂದರಿಂದಲೂ ಮೊಳೆ ಎಷ್ಟು ದೂರ ಎಂದು ಫೋನಿನಲ್ಲಿ ಬರೆದುಕೊಂಡಿದ್ದಳು. ಮೊಳೆ ಕಳೆದುಹೋದರೆ ಸಾಕ್ಷಿಗಳು ಅದರ ಜಾಗ ಹೇಳುತ್ತವೆ.

"ಒಂದು ಮೊಳೆಗೆ ಮೂರು ಸಾಕ್ಷಿ," ಎಂದರು ಅತ್ತೆ. "ನನ್ನ ಮದುವೆಗೂ ಇಷ್ಟು ಜನ ಸರಿಯಾಗಿ ನಿಂತು ನೋಡಿರ್ಲಿಲ್ಲ."

ಅವಳು ಒಡೆದ ತೂತಿಗೆ, ಕಲಸಿದರೆ ಕಲ್ಲಾಗುವ ಅಂಟು ತುಂಬಿ ಮಟ್ಟ ಮಾಡಿದಳು. ಅದು ಗಟ್ಟಿಯಾಗುವಷ್ಟರಲ್ಲಿ ನಾನು ಕೈ ತೊಳೆದು ಬಂದೆ. ಟೇಪಿನ ತುದಿಯನ್ನು ಮೊದಲ ಗೀಟಿನ ಮೇಲೆ ನಾನು ಒತ್ತಿ ಹಿಡಿದೆ. ಅವಳು ಇನ್ನೊಂದು ತುದಿಗೆ ಪೆನ್ಸಿಲ್ ಸೇರಿಸಿ ಅಂಟಿನ ಮೇಲೆ ಒಂದು ಬಾಗಿದ ಗೆರೆ ಎಳೆದಳು. ಆಮೇಲೆ ಎರಡನೆಯ ಗೀಟು, ಎರಡನೆಯ ಗೆರೆ. ಮೂರನೆಯದಕ್ಕೆ ಅತ್ತೆ, ನಾನು ಹಿಡಿಯುತ್ತೇನೆ ಎಂದರು.

"ಅಲ್ಲಾಡಬಾರ್ದು ಅಜ್ಜಿ."

"ನಾನ್ಯಾವತ್ತು ಅಲ್ಲಾಡಿದ್ದೀನಿ? ಅಲ್ಲಾಡಿದ್ದು ಕುರ್ಚಿ."

ಮೂರು ಗೆರೆಗಳೂ ಒಂದೇ ಚುಕ್ಕೆಯಲ್ಲಿ ಕೂಡಿದವು. ಅವಳು ಆ ಚುಕ್ಕೆಗೆ ಹೊಸ ಮೊಳೆಯ ತುದಿ ಇಟ್ಟು ಹೊಡೆದಳು. ಅತ್ತೆ ಹೊಡೆದ ಮೊಳೆಯನ್ನು ಕಿತ್ತು, ಆ ತೂತಿಗೂ ಅಂಟು ತುಂಬಿ, ಮೇಲೆ ಕರಿ ಮಣ್ಣು ಸವರಿದಳು. ಎದ್ದು ನಿಂತು ನೋಡಿದರೆ ಏನೂ ನಡೆದೇ ಇಲ್ಲ.

"ಸರಿಯಾಯ್ತಲ್ಲ," ಎಂದೆ. "ನಿಮ್ ಸರ್‌ಗೆ ಹೇಳ್ಲೇಬೇಕಾ?"

ಅವಳು ಸುತ್ತಿಗೆ ಒರೆಸಿ ಚೀಲಕ್ಕೆ ಹಾಕಿದಳು.

"ನಾನಂತೂ ಬಾಯಿ ಬಿಡಲ್ಲ," ಎಂದರು ಅತ್ತೆ. ಅತ್ತೆ ಬಾಯಿ ಬಿಡುವುದಿಲ್ಲ ಎಂದ ವಿಷಯಗಳೆಲ್ಲ ನಮ್ಮ ಬೀದಿಯಲ್ಲಿ ಪ್ರಸಿದ್ಧವಾಗಿವೆ.

ಮಿಲಿಮೀಟರ್ ಸರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಧೂಳು ಹಿಡಿದ ಬೂಟು. ಯಂತ್ರ ನಿಲ್ಲಿಸಿ, ಬೀದಿಯ ಆ ತುದಿಯಿಂದ ಒಂದೊಂದೇ ಮೊಳೆ ನೋಡುತ್ತ ಬಂದರು. ಮಗಳು ಪ್ರತಿ ಮೊಳೆಯ ಮೇಲೂ ಕೋಲು ನಿಲ್ಲಿಸಿದಳು. ನಾನು ಕಿಟಕಿಯ ಹತ್ತಿರ ನಿಂತು, ತೊಳೆದಿಟ್ಟ ಅದೇ ಪಾತ್ರೆಯನ್ನು ಮತ್ತೆ ಒರೆಸಿದೆ. ನಮ್ಮ ಮೆಟ್ಟಿಲಿನ ಮೊಳೆಯ ಸರದಿ ಬಂತು. ಅವರು ಯಂತ್ರದೊಳಗೆ ನೋಡಿದರು. ಇನ್ನೊಮ್ಮೆ ನೋಡಿದರು.

"ಸರಿ ಇದೆ. ಎಲ್ಲಾ ಸರಿ ಇದೆ," ಎಂದು ಯಂತ್ರದ ತಿರುಪು ಸಡಿಲಿಸತೊಡಗಿದರು.

ಮುಗಿಯಿತು ಎಂದು ನಾನು ಪಾತ್ರೆ ಕೆಳಗಿಟ್ಟೆ.

"ಸರ್," ಎಂದಳು ಮಗಳು. "ಈ ಮೊಳೆ ಮೊದ್ಲಿಂದು ಅಲ್ಲ. ಕಿತ್ತು ಹೋಗಿತ್ತು. ಇವತ್ತು ಬೆಳಗ್ಗೆ ಸಾಕ್ಷಿಯಿಂದ ಮತ್ತೆ ಇಟ್ಟಿದ್ದು."

ಅವರು ತಿರುಪು ಬಿಟ್ಟು ನೋಡಿದರು. ಮೊಳೆಯನ್ನಲ್ಲ, ಅವಳನ್ನು.

"ಯಾರು ಕಿತ್ತಿದ್ದು?"

ಮಗಳು ಬಾಯಿ ತೆರೆಯುವ ಮೊದಲೇ ಅತ್ತೆ ಹೊರಗೆ ಹೋಗಿದ್ದರು. "ನಾನು ಕಣಪ್ಪ. ಕುರ್ಚಿ ಕುಂಟ್ತಾ ಇತ್ತು. ಒಂಚೂರು ಸರಿಸ್ದೆ. ಮಗುದೇನೂ ತಪ್ಪಿಲ್ಲ."

ಅವರು ತಲೆಯಾಡಿಸಿದರು. ಟೇಪು ತೆಗೆದು ಮೂರೂ ಗೀಟುಗಳಿಂದ ತಾವೇ ಅಳೆದರು. ಅವಳ ಫೋನಿನಲ್ಲಿದ್ದ ಅಂಕಿಗಳನ್ನು ನೋಡಿದರು. ಆಮೇಲೆ ಬೇರೆಲ್ಲೂ ಜಾಗವಿಲ್ಲದೆ, ಅತ್ತೆ ಎಂದಿನ ಜಾಗದಲ್ಲಿ ತಂದು ಹಾಕಿದ ಕುರ್ಚಿಯಲ್ಲಿ ಕೂತರು. ಕುರ್ಚಿ ಕುಂಟಿತು. ಅವರು ಎದ್ದು, ಕುರ್ಚಿಯ ಕಾಲು ನೋಡಿ, ಮೊಳೆ ನೋಡಿದರು.

"ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ," ಎಂದರು.

"ಗೊತ್ತು ಸರ್."

"ಮತ್ತೆ?"

"ಕೊಳವೆ ಹಾಕೋರು ಇದನ್ನ ನಂಬಿ ಅಗೀತಾರೆ ಸರ್. ಅಂಟಿನಲ್ಲಿ ನಿಂತಿರೋ ಮೊಳೆ ಅಂತ ಅವ್ರಿಗೆ ಗೊತ್ತಿರ್ಬೇಕು."

ಅವರು ಟೇಪನ್ನು ನಿಧಾನವಾಗಿ ಸುತ್ತತೊಡಗಿದರು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು. ನನ್ನ ಮಗಳನ್ನು ಬಿಸಿಲಿನಲ್ಲಿ ಹೀಗೆ ನಿಲ್ಲಿಸಿಕೊಂಡು ಯೋಚನೆ ಮಾಡಲು ಇವರಿಗೆ ಯಾರು ಹೇಳಿದ್ದು?

"ದಿನಾ ಕುರ್ಚಿ ಹಾಕೋ ಜಾಗದಲ್ಲಿ ಮೊಳೆ ಹೊಡೆದ್ರೆ ಅದು ಉಳಿಯತ್ತಾ?" ಎಂದರು ಕೊನೆಗೆ. "ಬೇರೆಯವ್ರ ಬೀದಿ ಆದ್ರೆ ಕ್ಷಮಿಸ್ಬೋದು. ನಿನ್ನ ಮನೆ ಬಾಗಿಲಮ್ಮ ಇದು."

"ತಪ್ಪಾಯ್ತು ಸರ್."

"ಕಂಬದ ಆ ಕಡೆ ಹೊಸದು ಹೊಡಿ. ಇವತ್ತೇ. ಇದನ್ನ ಕಿತ್ತುಹಾಕು, ಅಜ್ಜಿ ಕೂತ್ಕೊಳ್ಲಿ." ಯಂತ್ರವನ್ನು ಮತ್ತೆ ಮುಕ್ಕಾಲಿಯ ಮೇಲೆ ಬಿಗಿ ಮಾಡುತ್ತ, ಹವೆಯ ವಿಷಯ ಹೇಳುವ ದನಿಯಲ್ಲಿ ಸೇರಿಸಿದರು: "ಸೋಮವಾರದಿಂದ ಯಂತ್ರದ ಹಿಂದೆ ನೀನು ನಿಂತ್ಕೋ."

ಮಗಳ ಮುಖ ನೋಡಬೇಕಿತ್ತು. ಆದರೆ ಅತ್ತೆ ಅವಳಿಗೂ ನನಗೂ ನಡುವೆ ಬಂದು ನಿಂತುಬಿಟ್ಟಿದ್ದರು.

"ಹಿಂದೆ ಯಾಕಪ್ಪ?" ಎಂದರು ಅತ್ತೆ. "ಇಷ್ಟು ದಿನ ಮುಂದೇನೇ ನಿಲ್ತಿದ್ಲಲ್ಲ, ಕೋಲು ಹಿಡ್ಕೊಂಡು, ನಾಲ್ಕು ಜನಕ್ಕೆ ಕಾಣೋ ಹಾಗೆ. ಒಂದು ಮೊಳೆಗೋಸ್ಕರ ಮಗೂನ ಹಿಂದಕ್ಕೆ ಹಾಕೋದಾ?"

"ಅಜ್ಜಿ, ಹಿಂದೆ ಅಂದ್ರೆ ದೊಡ್ಡ ಕೆಲ್ಸ," ಎಂದಳು ಮಗಳು.

"ನೀನು ಸುಮ್ನಿರು ಮರಿ, ನಿಂಗೆ ಏನು ಹೇಳಿದ್ರೂ ಹೂಂ ಅಂತೀಯ. ನಾನು ಕೇಳ್ತೀನಿ."

ಮಿಲಿಮೀಟರ್ ಸರ್ ಅತ್ತೆಯನ್ನು ನೋಡಿದರು. ಅವರು ನಗುವುದಿಲ್ಲ ಎಂದು ಆಫೀಸಿನವರು ಹೇಳಿದ್ದು ನಿಜ. "ಒಂದೆರಡು ವರ್ಷ ಹಿಂದೆ ನಿಲ್ಲಲಿ ಅಜ್ಜಿ," ಎಂದರು. "ಆಮೇಲೆ ನೋಡೋಣ."

"ಒಂದು ವರ್ಷ ಮಾಡಿ," ಎಂದರು ಅತ್ತೆ.

"ನೋಡ್ತೀನಿ," ಎಂದರು ಅವರು.